ಬಾವಿಯಲ್ಲೇ ಉಳಿದ ಚೆಲುವಿ

ಹೊಸ ಬಟ್ಟೆಯ ಗಂಜಿ ವಾಸನೆಗೆ ಹೊಲಿಗೆ ಯಂತ್ರದ ಎಣ್ಣೆಯ ಕಮಟು ಬೆರೆತರೆ ಸಾಕು, ಎಲ್ಲಿದ್ದರೂ ನಾನು ಕಾಮಾಕ್ಷಿಪಾಳ್ಯದ ಆ ವಠಾರದ ಮನೆಗೆ ಹೋಗಿ ಕೂತುಬಿಡುತ್ತೇನೆ. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಗಾರ್ಮೆಂಟ್ಸಿನಿಂದ ಷರ್ಟುಗಳ ಮೂಟೆ ತಂದು, ಹೊಲಿಗೆಯ ತುದಿಯಲ್ಲಿ ಉಳಿದ ದಾರ ಕತ್ತರಿಸಿ ಕೊಡುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವವರೆಗೂ ನಾನು ಅಲ್ಲೇ. ಹೊರಗೆ ಲೇತ್ ಯಂತ್ರಗಳ ಕಿರುಚಾಟ, ಮಾಗಡಿ ರಸ್ತೆಯ ಬಸ್ಸುಗಳ ಹಾರನ್ನು. ಒಳಗೆ ಕತ್ತರಿಯ ಕಿಚಕ್ ಕಿಚಕ್, ಅದರ ತಾಳಕ್ಕೆ ಚೆಲುವಿಯ ಕಥೆ. ಕೇಳುವವರು ನಾನು ಮತ್ತು ದೊಡ್ಡಮ್ಮನ ಮಗಳು ಸುಮಕ್ಕ. ಸುಮಕ್ಕನಿಗೆ ಹುಟ್ಟಿನಿಂದಲೂ ಹೃದಯದಲ್ಲಿ ತೂತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಕಾಲೇಜು ಬಿಟ್ಟು ಮನೆಯಲ್ಲೇ ಇದ್ದಳು. ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ.

ಚೆಲುವಿ ಯಾವ ಪುರಾಣದವಳೂ ಅಲ್ಲ, ದೊಡ್ಡಮ್ಮ ತಾನೇ ಹುಟ್ಟಿಸಿದ ತಬ್ಬಲಿ ಹುಡುಗಿ. ಅವಳಿಗೆ ಬರುವ ಕಷ್ಟಸುಖಕ್ಕೆ ಒಂದು ಕ್ರಮವಿದೆಯೆಂದು ನನಗೆ ತಡವಾಗಿ ಹೊಳೆಯಿತು. ಸುಮಕ್ಕ ಏದುಸಿರು ಬಿಟ್ಟ ದಿನ ಚೆಲುವಿಗೆ ಹಾವು ಕಚ್ಚುತ್ತಿತ್ತು, ಇಲ್ಲವೇ ಗುಡಿಸಲಿಗೆ ಬೆಂಕಿ ಬೀಳುತ್ತಿತ್ತು. ಸುಮಕ್ಕ ಹೊಟ್ಟೆತುಂಬ ಉಂಡು ನಿದ್ದೆ ಮಾಡಿದ ಮಾರನೆಯ ದಿನ ಯಾರೋ ಪುಣ್ಯಾತ್ಗಿತ್ತಿ ಚೆಲುವಿಯನ್ನು ಕರೆದು ಮುದ್ದೆ, ಸೊಪ್ಪಿನ ಸಾರು ಹಾಕುತ್ತಿದ್ದಳು.

“ಪಾಪ ಕಣಮ್ಮ, ಅವಳಿಗೊಂದು ಮದ್ವೆ ಆದ್ರೂ ಮಾಡ್ಸು,” ಎನ್ನುತ್ತಿದ್ದಳು ಸುಮಕ್ಕ.

“ಮೊದ್ಲು ನಿಂದಾಗ್ಲಿ.”

“ಹಂಗಾದ್ರೆ ಅವಳು ಮುದುಕಿ ಆದ್ಲು ಬಿಡು!”

ನಾನಾಗ ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಯಾವ ವಿಷಯ ಕೊಟ್ಟರೂ ವಿರೋಧಕ್ಕೇ ನಿಲ್ಲುತ್ತಿದ್ದವಳು. ಸುಮಕ್ಕ ಸ್ನಾನಕ್ಕೆ ಹೋಗಿದ್ದಾಗ, ಇವಳಿಗೆ ಹುಷಾರಿಲ್ಲದ ದಿನವೇ ಚೆಲುವಿಗೇಕೆ ಕಷ್ಟ ಕೊಡುತ್ತೀ ಎಂದು ನೇರವಾಗಿ ಕೇಳಿಯೇಬಿಟ್ಟೆ. ದೊಡ್ಡಮ್ಮ ಕತ್ತರಿ ನಿಲ್ಲಿಸಲಿಲ್ಲ. “ಕಟ್ಟೋ ಮನೆಗೆ ದೃಷ್ಟಿಬೊಂಬೆ ಕಟ್ಟಲ್ವಾ? ಹಂಗೇ ಇವಳು. ಸುಮಂಗೆ ಬರೋದು ಇವಳ ಮೇಲೆ ಹೋಗ್ಲಿ ಅಂತ.” ಹಾಗಾದರೆ ನಡುನಡುವೆ ಒಳ್ಳೆಯದೇಕೆ ಮಾಡುತ್ತೀ ಎಂದೆ. “ಅವಳು ಸತ್ತೋದ್ರೆ ಆಮೇಲೆ ಹೊರೋರ್ಯಾರು? ಜೀವ ಹಿಡ್ಕೊಳೋ ಅಷ್ಟು ಕೊಡ್ಬೇಕು. ಜಾಸ್ತಿ ಕೊಟ್ರೆ ಸುಮನ ಪಾಲಿಂದು ಹೋಗ್ತದೆ.” ಎರಡು ಸಂಗತಿ ಜೊತೆಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ನಾನು ಉದಾಹರಣೆ ಸಮೇತ ಶುರುಮಾಡಿದೆ. “ಆಯ್ತು ಲಾಯರಮ್ಮ, ಆ ಮೂಟೆ ಈಕಡೆ ತಳ್ಳು,” ಎಂದಳು.

ಸುಮಕ್ಕನಿಗೆ ಆಪರೇಷನ್ ಎಂದು ಗೊತ್ತಾದ ವಾರ ಚೆಲುವಿ ಪಾಳುಬಾವಿಗೆ ಬಿದ್ದಳು. ದಿನವೂ ಬಾವಿಯ ನೀರು ಒಂದಿಷ್ಟು ಏರುತ್ತಿತ್ತು. ಆಲದ ಬೇರೊಂದನ್ನು ಹಿಡಿದು ಅವಳು ಜೋತಾಡುತ್ತಿದ್ದಳು. ಆಸ್ಪತ್ರೆಯ ವಾರ್ಡಿನಲ್ಲಿ, ಒಳಗೆ ಕರೆದುಕೊಂಡು ಹೋಗುವ ಬೆಳಿಗ್ಗೆ, ಹಸಿರು ಗೌನಿನಲ್ಲಿ ಮಲಗಿದ್ದ ಸುಮಕ್ಕ ತಾಯಿಯ ಸೆರಗು ಜಗ್ಗಿದಳು. “ಅಮ್ಮ, ಅವಳನ್ನ ಎತ್ತಿಸ್ಬಿಡಮ್ಮ. ಕೇಳ್ಕೊಂಡು ಹೋಗ್ತೀನಿ.”

“ಬೇರು ಹಿಡ್ಕೊಂಡವ್ಳೆ ಬಿಡು, ಏನಾಗಲ್ಲ. ನೀನು ಬಾ, ಆಮೇಲೆ ಹೇಳ್ತೀನಿ.”

“ಒಂದು ಹಗ್ಗ ಆದ್ರೂ ಬಿಡೇ, ಜಿಪುಣಿ.”

ದೊಡ್ಡಮ್ಮ ಅವಳ ಹೊದಿಕೆ ಸರಿಮಾಡಿದಳು. ಮಗಳು ಬಾಯಿಬಿಟ್ಟು ಬೇಡಿದ್ದನ್ನು, ಕಾಸು ಖರ್ಚಿಲ್ಲದ ಒಂದು ಮಾತನ್ನು, ಆ ಮಗಳಿಗಾಗಿಯೇ ಅವಳು ನುಂಗಿಕೊಳ್ಳುತ್ತಿದ್ದಳು. “ಹೇಳು ದೊಡ್ಡಮ್ಮ, ಕಥೆ ತಾನೇ,” ಎಂದೆ ನಾನು. ಅದಕ್ಕಿಂತ ಮುಂದೆ ವಾದಿಸುವಂತಿರಲಿಲ್ಲ. ವಾದಿಸಿದ್ದರೆ ಚೆಲುವಿ ಯಾತಕ್ಕೆ ಹುಟ್ಟಿದವಳೆಂದು ಸುಮಕ್ಕನಿಗೆ ತಿಳಿದುಬಿಡುತ್ತಿತ್ತು. ಅಷ್ಟರಲ್ಲಿ ಸ್ಟ್ರೆಚರ್ ಬಂತು. “ನೋಡೇ, ನಮ್ಮಮ್ಮಂಗೆ ಕರುಣೆನೇ ಇಲ್ಲ,” ಎಂದು ನನ್ನತ್ತ ಕಣ್ಣು ಮಿಟುಕಿಸಿ ಹೋದಳು. ವಾಪಸು ಬರಲಿಲ್ಲ.

ತಿಥಿ ಕಳೆದ ಮೇಲೆ ಮತ್ತೆ ಮೂಟೆಗಳು ಬಂದವು, ಕತ್ತರಿಯೂ ಆಡಿತು, ಕಥೆ ಮಾತ್ರ ಇಲ್ಲ. ನನಗೆ ತಡೆಯಲಾಗಲಿಲ್ಲ. “ಈಗಾದ್ರೂ ಎತ್ತು ದೊಡ್ಡಮ್ಮ. ಇನ್ಯಾರಿಗೂ ಏನೂ ಆಗಲ್ವಲ್ಲ.”

ಅವಳು ಷರ್ಟಿನ ತೋಳನ್ನು ತಿರುವಿಹಾಕಿ ದಾರ ಹುಡುಕುತ್ತಲೇ ಇದ್ದಳು. “ಈಗ ಎತ್ತಿದ್ರೆ ಸುಮನ ಪಾಲು ಅವಳು ಉಂಡಂಗಾಗ್ತದೆ ಕಣೇ.”

ಕಾಲಕ್ರಮದಲ್ಲಿ ದೊಡ್ಡಮ್ಮನೂ ತೀರಿಕೊಂಡಳು, ವಠಾರ ಉರುಳಿ ಅಲ್ಲೊಂದು ಕಟ್ಟಡ ಎದ್ದಿತು. ನಿಮಗೂ ಇಂಥ ಒಂದು ಮನೆ ಇದ್ದಿದ್ದರೆ ಗೊತ್ತಿರುತ್ತದೆ, ತರ್ಕಕ್ಕೆ ಅಲ್ಲಿ ಕೂರಲು ಚಾಪೆ ಹಾಕುವವರಿಲ್ಲ. ಸುಮಕ್ಕನನ್ನು ಕೊಂದದ್ದು ಹೃದಯದ ತೂತು, ಬಾವಿಯೆಂಬುದೇ ಇರಲಿಲ್ಲ, ಇದೆಲ್ಲವನ್ನೂ ಯಾವ ವೇದಿಕೆಯಲ್ಲಾದರೂ ವಾದಿಸಿ ಸಾಧಿಸಬಲ್ಲೆ. ಆದರೂ ಕೆಲವು ಸಂಜೆ ಆ ಕಥೆಯನ್ನು ಮುಗಿಸೋಣವೆಂದು ಕೂರುತ್ತೇನೆ. ದನ ಕಾಯುವವನೊಬ್ಬ ಬಾವಿಯೊಳಗೆ ಇಣುಕುತ್ತಾನೆ, ಹಗ್ಗ ಇಳಿಬಿಡುತ್ತಾನೆ. ಚೆಲುವಿ ಕೈಚಾಚುತ್ತಾಳೆ. ಅಲ್ಲಿಯವರೆಗೆ ಬರೆಯುತ್ತೇನೆ. ದೊಡ್ಡಮ್ಮನನ್ನು ಕೇಳದೆ ಅವಳನ್ನು ಮೇಲಕ್ಕೆಳೆಯುವುದು ನನ್ನಿಂದಾಗುವುದಿಲ್ಲ.