ಗೋಡೆಗೆ ಮುಖ ಮಾಡಿದ ಅಕ್ಷರಗಳು

ಪೈಪಿನ ಮೈಮೇಲಿರುವ ಅಕ್ಷರಗಳೆಲ್ಲ ಕಂಪನಿಯ ಜಾಹೀರಾತು ಎಂದು ನಾನು ನಂಬಿದ್ದ ಕಾಲವೊಂದಿತ್ತು. ರಜೆಯ ದಿನ ಅತ್ತೆಯ ಜೊತೆ ನಲ್ಲಿ ಕೆಲಸಕ್ಕೆ ಹೋದವನು, ಅವಳು ಮೆಚ್ಚಲಿ ಎಂದು ಒಂದು ಕಟ್ಟು ಹೊಸ ಪೈಪನ್ನು ಪೇಂಟ್ ಥಿನ್ನರ್ ಹಾಕಿ ಉಜ್ಜಿ ಲಕಲಕ ಮಾಡಿಟ್ಟೆ. ಪಾರ್ಸೆಲ್ ಆಫೀಸಿನಲ್ಲಿ ದಿನವಿಡೀ ಡಬ್ಬಗಳಿಗೆ ಚೀಟಿ ಅಂಟಿಸಿ ಹೊಟ್ಟೆ ಹೊರೆಯುವವನ ಬುದ್ಧಿ ಇದು. ಅತ್ತೆ ಬೈಯಲಿಲ್ಲ.

"ನಿನ್ನ ಹಣೆ ಮೇಲೂ ಏನೋ ಬರೆದಿತ್ತು ಕಣೋ, ಯಾರೋ ಉಜ್ಜಿಬಿಟ್ಟಿದಾರೆ," ಅಂದಳಷ್ಟೆ.

ಆಮೇಲೆ ಹೇಳಿಕೊಟ್ಟಳು. ಬಣ್ಣ ನಂಬಬೇಡ, ಕೆನೆಬಣ್ಣ ಇದ್ದ ಮಾತ್ರಕ್ಕೆ ಬಿಸಿನೀರಿನ ಪೈಪಲ್ಲ. ಯಾವ ಪ್ಲಾಸ್ಟಿಕ್ಕು, ಎಷ್ಟು ದಪ್ಪ, ಎಷ್ಟು ಬಿಸಿ ತಡೆಯುತ್ತದೆ ಅನ್ನುವುದೆಲ್ಲ ಅದರ ಮೈಮೇಲೇ ಇರುತ್ತದೆ, ಓದಿ ತಗೋ. ಉಳಿದ ಪ್ಲಂಬರುಗಳು ಅಂದಕ್ಕೆಂದು ಆ ಬರಹವನ್ನು ಗೋಡೆಯ ಕಡೆ ತಿರುಗಿಸುತ್ತಾರೆ. ಅತ್ತೆ ಮಾತ್ರ ಹೊರಗೇ ಕಾಣಿಸುವಂತೆ ಕೂರಿಸುತ್ತಾಳೆ. ಬಚ್ಚಲಿಗೆ ಪೇಪರ್ ಅಂಟಿಸಿದ ಹಾಗಿದೆ ಎಂದು ಮನೆಯವರು ಗೊಣಗಿದರೂ ಜಪ್ಪಯ್ಯ ಅನ್ನುವುದಿಲ್ಲ.

ಇದಕ್ಕೆ ಕಾರಣ ಮನೆ ಕಟ್ಟುವ ಒಬ್ಬ ಮೇಸ್ತ್ರಿ. ಹಿಂದೆ ಊರಿನ ಡಾಕ್ಟರಮ್ಮನ ಮನೆ ಕಟ್ಟುವಾಗ, ಅರ್ಧ ಪೈಪು ಹಾಕಿದ್ದ ಅತ್ತೆ ಜ್ವರ ಬಂದು ಮಲಗಿದಳು. ಬಾಕಿಯಿದ್ದ ಬಿಸಿನೀರಿನ ಲೈನನ್ನು ಮೇಸ್ತ್ರಿ ಅದೇ ಬಣ್ಣದ, ಅಗ್ಗದ ತಣ್ಣೀರಿನ ಪೈಪಿನಲ್ಲಿ ಮುಗಿಸಿ, ಅಕ್ಷರ ಒಳಗೆ ತಿರುಗಿಸಿ, ಗಾರೆ ಮೆತ್ತಿದ. ಗೋಡೆ ಬೆವರತೊಡಗಿದಾಗ, ಹೆಂಗಸು ಹಾಕಿದ ಜಾಯಿಂಟು ಇನ್ನೇನಾಗುತ್ತದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಗೋಡೆ ಒಡೆದು ತೆಗೆದ ಪೈಪಿನ ತುಂಡುಗಳನ್ನು ತಾನೇ ಹೊತ್ತುಕೊಂಡು ಹೋದ. ಅವನ ಗಾಡಿಯಲ್ಲಿ ಒಂದರ ಬರಹ ಅತ್ತೆಯ ಕಣ್ಣಿಗೆ ಬಿತ್ತು, ಆದರೆ ಕೇಳುವವರು ಯಾರು? ಬಹಳ ಕಾಲ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಆ ಮೇಸ್ತ್ರಿಯ ಮನೆ ಗೋಡೆ ಒದ್ದೆಯಾಗುವುದನ್ನು ನೋಡಿಯೇ ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದಳು, ತರಕಾರಿ ಹೆಚ್ಚುತ್ತಾ. ನಾನು ಚಾಕುವಿನಿಂದ ಸ್ವಲ್ಪ ದೂರ ಕೂರುತ್ತಿದ್ದೆ.

ಹೋದ ತಿಂಗಳು ಆ ಗೋಡೆ ಒದ್ದೆಯಾಯಿತು. ಮೇಸ್ತ್ರಿ ತನಗೆಂದೇ ಕಟ್ಟಿಸಿದ ಹೊಸ ಮನೆ. ಬಂದ ಪ್ಲಂಬರುಗಳಿಗೆಲ್ಲ ಸೋರುವ ಜಾಗ ಸಿಗದೆ, ಕೊನೆಗೆ ಅವನ ಹೆಂಡತಿ ಅತ್ತೆಗೇ ಹೇಳಿಕಳಿಸಿದಳು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಟಳು. ಚೀಲ ಹೊತ್ತವನು ನಾನು.

ಅಂಗೈಯಿಂದ ಗೋಡೆ ಸವರಿ, ಒಂದು ಕಡೆ ಒಡೆದಳು. ಬಿಸಿಗೆ ಮೆತ್ತಗಾಗಿ ಬಾಗಿದ್ದ ಪೈಪಿನ ತುಂಡು ಕತ್ತರಿಸಿ, ಸೆರಗಿನಲ್ಲಿ ಒರೆಸಿ, ಮೇಸ್ತ್ರಿಯ ಕೈಗಿಟ್ಟಳು.

"ಗಟ್ಟಿಯಾಗಿ ಓದು."

"ತಣ್ಣೀರಿಗೆ ಮಾತ್ರ," ಎಂದು ಓದಿದ. ಅವನು ಕಲಿಸಿದ್ದನ್ನೇ ಅವನ ಆಳುಗಳು ಅವನಿಗೂ ಮಾಡಿದ್ದರು.

ಅತ್ತೆ ಡಾಕ್ಟರಮ್ಮನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವನ ಬಾಯಿಯ ಹತ್ತಿರ ಹಿಡಿದಳು. ಅಂದು ನಡೆದದ್ದನ್ನು ಹೇಳುವವರೆಗೆ ಪೈಪು ಮುಟ್ಟುವುದಿಲ್ಲ ಎಂದಳು. ಅವನು ಮೊದಲು ಆ ಕಡೆಯವರ ಆರೋಗ್ಯ ವಿಚಾರಿಸಿದ, ಆಮೇಲೆ ಬಿಸಿಲಿನ ಬಗ್ಗೆ ಮಾತಾಡಿದ. ಅತ್ತೆಯ ಕೈ ಅಲುಗಲಿಲ್ಲ.

"ಅವತ್ತು ತಪ್ಪು ಪೈಪು ಹಾಕಿದ್ದು ನಾನೇ ಅಮ್ಮಾ. ಇವರ ಜಾಯಿಂಟು ಸರಿಯಾಗೇ ಇತ್ತು."

ಫೋನ್ ಇಟ್ಟ ಮೇಲೆ ಅತ್ತೆ ಹೊಸ ಪೈಪು ಹಾಕದೆಯೇ ಸಾಮಾನೆಲ್ಲ ಚೀಲಕ್ಕೆ ತುಂಬಿದಳು. ಮೇಸ್ತ್ರಿಯ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ನಿಜ ಹೇಳಿ ಅಕ್ಕಾ, ನಮ್ಮನೆ ಗೋಡೆ ಹೀಗಾಗಿದ್ದಕ್ಕೆ ನಿಮಗೆ ಖುಷಿ ಆಯ್ತಾ?"

"ತುಂಬಾ ಆಯ್ತಮ್ಮ," ಎಂದಳು ಅತ್ತೆ. "ಬಿಸಿನೀರು ನಾಳೆ ಬರತ್ತೆ. ಇವತ್ತು ಅವನು ತಣ್ಣೀರಲ್ಲೇ ಮೀಯಲಿ."