ಬ್ರೇಕಿನ ಬಟನ್ನಿಗೆ ಹತ್ತಿದ ಸುಣ್ಣ

ಎಲ್ಲರೂ ಹೇಳುವ ಕಥೆಯನ್ನು ಮೊದಲು ಕೇಳಿಬಿಡಿ, ನನ್ನದು ಆಮೇಲೆ. ಹುಡುಗಿ ಮಸ್ಕಿಯ ಏರಿನಲ್ಲಿ ಕಾರು ನಿಲ್ಲಿಸಿದಳು, ಹ್ಯಾಂಡ್ ಬ್ರೇಕ್ ಹಾಕುವುದನ್ನು ಮರೆತಳು, ಮಿರ್ಚಿ ತಿನ್ನಲು ಇಳಿದಳು. ಕಾರು ಹಿಂದಕ್ಕೆ ಉರುಳಿ ಮಿರ್ಚಿ ಬಂಡಿಯ ನೀರಿನ ಡ್ರಮ್ಮಿಗೆ ಗುದ್ದಿತು. ಇದು ಸಿಂಧನೂರಿನ ನಮ್ಮ ಓಣಿಯಲ್ಲಿ ಹೇಳುವ ಕಥೆ. ಅದು ಸಾಲಗುಂದಕ್ಕೆ ಹೋಗುವಷ್ಟರಲ್ಲಿ ನನ್ನ ಕೈಗೆ ಒಂದು ಫೋನು ಬಂದಿತ್ತು. ಪಾಮನಕಲ್ಲೂರಿನ ನೆಂಟರ ಬಾಯಲ್ಲಿ ನಾನು ಆ ಫೋನಿನಲ್ಲಿ ರೀಲ್ಸ್ ಮಾಡುತ್ತಿದ್ದೆ. ನಾನು ಪಾಠ ಮಾಡುವ ಲಿಂಗಸುಗೂರಿನ ಕಾಲೇಜಿನ ಸ್ಟಾಫ್ ರೂಮಿಗೆ ಕಥೆ ಬಂದು ಮುಟ್ಟಿದಾಗ ಡ್ರಮ್ಮಿನ ಜಾಗದಲ್ಲಿ ಎಮ್ಮೆ ನಿಂತಿತ್ತು. ಎಮ್ಮೆಗೆ ಏನೂ ಆಗಲಿಲ್ಲವಂತೆ. ಅಷ್ಟಾದರೂ ದಯೆ ತೋರಿಸಿದ್ದಾರೆ.

ಫೋನು ಬರಲಿ, ಎಮ್ಮೆ ಬರಲಿ, ಒಂದು ಮಾತು ಮಾತ್ರ ಯಾವ ಊರಿನಲ್ಲೂ ಬದಲಾಗಲಿಲ್ಲ: ಹುಡುಗಿ ಮರೆತಳು. ನಾನು ಮರೆತಿರಲಿಲ್ಲ. ಕಾಲೇಜಿನ ದಿನಗಳಿಂದ ಚರ್ಚಾ ಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಬಹಳ ಜನ ಹೇಳುತ್ತಾರೆ ಎಂಬುದು ಸಾಕ್ಷಿಯಲ್ಲ ಎಂದು ವೇದಿಕೆ ಹತ್ತಿ ಹೇಳಿ ಕಪ್ ತಂದವಳು. ಈಗ ಅದನ್ನೇ ವೇದಿಕೆಯಿಲ್ಲದೆ ಹೇಳಬೇಕಾಗಿದೆ.

ಇವತ್ತು ಬೆಳಿಗ್ಗೆ ಕಾರಿನ ಒಳಗೆ ಒರೆಸುತ್ತಿದ್ದೆ. ಗೇರಿನ ಹಿಂದಿನ ಸಣ್ಣ ಬಟನ್ನಿನ ಹತ್ತಿರ ಬಟ್ಟೆ ತಾನಾಗಿ ನಿಂತಿತು. ಬಟನ್ನಿನ ಮೇಲೆ ವೃತ್ತ, ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರ, ಆ ಅಕ್ಷರದ ಹೊಟ್ಟೆಯಲ್ಲಿ ನುಚ್ಚಕ್ಕಿಯಷ್ಟು ಬಿಳಿ ಕಲೆ. ಎಲೆಗೆ ಹಚ್ಚುವ ಸುಣ್ಣ. ಒಂದೂವರೆ ತಿಂಗಳಿಂದ ಅಲ್ಲೇ ಇದೆ. ಒದ್ದೆ ಬಟ್ಟೆಯಿಂದ ಒಮ್ಮೆ ತಿಕ್ಕಿದರೆ ಹೋಗುತ್ತದೆ. ನಾನು ತಿಕ್ಕಿಲ್ಲ, ಸುತ್ತಲೂ ಒರೆಸಿ ಬಿಟ್ಟಿದ್ದೇನೆ. ನಮ್ಮ ಮನೆಯಲ್ಲಿ ನಾನು ಎಲೆ ಹಾಕುವುದಿಲ್ಲ, ಅವ್ವ ಹಾಕುವುದಿಲ್ಲ. ಹಾಕುವವನು ಮಾಮಾ.

ಮಾಮಾ ಎಂದರೆ ಅವ್ವನ ಅಣ್ಣ. ನಮ್ಮ ಓಣಿಯಲ್ಲೇ ಮನೆ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಜೀಪು ಓಡಿಸಿದ ಮನುಷ್ಯ. ರಿಟೈರಾದ ದಿನ ಶಾಲು ಹೊದಿಸಿ ಒಂದು ಪ್ರಮಾಣಪತ್ರ ಕೊಟ್ಟರು: ಇಡೀ ಸೇವೆಯಲ್ಲಿ ಒಂದೂ ಅಪಘಾತವಿಲ್ಲ ಎಂದು. ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದಾನೆ. ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ಪ್ರಮಾಣಪತ್ರ. ನೋಡಿ ಮೆಚ್ಚಿದರೆ ಚಹಾ ಬೇಗ ಬರುತ್ತದೆ.

ಮಾಮಾ ಗಾಡಿ ನಿಲ್ಲಿಸುವುದನ್ನು ನೀವು ನೋಡಬೇಕಿತ್ತು. ಲಿವರ್ ಎಳೆದರೆ ಕರ್, ಕರ್, ಕರ್ ಎಂದು ಮೂರು ಹಲ್ಲು ಕೇಳಬೇಕು. ಎರಡೇ ಕೇಳಿದರೆ ಇಳಿಸಿ ಮತ್ತೆ ಎಳೆಯುತ್ತಾನೆ. ಎಂಜಿನ್ ಆರಿಸಿದ ಮೇಲೆ ಗಾಡಿಯನ್ನು ಗೇರಿನಲ್ಲೇ ಬಿಡುತ್ತಾನೆ. ಅಷ್ಟಕ್ಕೂ ಸಮಾಧಾನವಿಲ್ಲ; ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡುತ್ತಾನೆ. ಸಿಕ್ಕ ಕಲ್ಲಲ್ಲ, ಗುರುಗುಂಟಾ ಕಡೆಯ ಗುಡ್ಡದ ಹಾದಿಯಲ್ಲಿ ಆರಿಸಿ ತಂದ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಮೊನೆಯಾದ ಕೆಂಪು ಕಲ್ಲು. ಜೀಪು ಬದಲಾದವು, ಸಾಹೇಬರು ಬದಲಾದರು, ಕಲ್ಲು ಅದೇ. "ಸಾಹೇಬ್ರು ಇಳಿಯೂಕಿಂತ ಮೊದಲು ಕಲ್ಲು ಇಳೀಬೇಕು" ಎಂಬುದು ಅವನ ಕಾನೂನು. ಅಷ್ಟು ಹೊತ್ತು ಸಾಹೇಬರು ಜೀಪಿನಲ್ಲೇ ಕೂತಿರುತ್ತಿದ್ದರಂತೆ.

ಅವ್ವ ಹೊಸ ಕಾರು ತಂದಾಗ ಅದರಲ್ಲಿ ಲಿವರೇ ಇರಲಿಲ್ಲ. ಇಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕು, ಬೆರಳಷ್ಟು ಬಟನ್ನು. ನಾನೇನು ಹುಟ್ಟುತ್ತಲೇ ಅದಕ್ಕೆ ಒಗ್ಗಿದವಳಲ್ಲ, ಒಪ್ಪಿಕೊಳ್ಳುತ್ತೇನೆ. ಮೊದಲ ವಾರವೆಲ್ಲ ಎಡಗೈ ಇಲ್ಲದ ಲಿವರನ್ನು ಹುಡುಕಿ ನೀರಿನ ಬಾಟಲಿಯನ್ನು ಹಿಡಿದು ಎಳೆಯುತ್ತಿತ್ತು. ಹೊರಡುವಾಗ ಬ್ರೇಕು ತಾನೇ ಬಿಟ್ಟುಕೊಳ್ಳುತ್ತದೆ, ಆದರೆ ಸೀಟ್ ಬೆಲ್ಟ್ ಹಾಕಿರಬೇಕು. ಒಮ್ಮೆ ಸಿಂಧನೂರಿನ ಸರ್ಕಲ್ಲಿನಲ್ಲಿ ಬೆಲ್ಟ್ ಹಾಕದೆ ಹೊರಟೆ. ಕಾರು ಗೂಟಕ್ಕೆ ಕಟ್ಟಿದ ಹೋರಿಯ ಹಾಗೆ ಮುಂದಕ್ಕೆ ಜಗ್ಗುತ್ತದೆ, ಹೋಗುವುದಿಲ್ಲ. ಹಿಂದೆ ಹಾರ್ನೋ ಹಾರ್ನು. ಭತ್ತದ ಚೀಲ ಹೇರಿದ ಟ್ರ್ಯಾಕ್ಟರಿನವನು ಇಳಿದು ಬಂದು, "ಅಕ್ಕೋರ, ತಳ್ಳಬೇಕೇನ್ರಿ?" ಎಂದ. ಹೊಸ ಕಾರನ್ನು ತಳ್ಳಿಸಿಕೊಳ್ಳುವುದಕ್ಕಿಂತ ಅಲ್ಲೇ ಇಳಿದು ಮನೆಗೆ ನಡೆಯುವುದೇ ವಾಸಿ ಎನ್ನಿಸಿತ್ತು.

ಹತ್ತು ದಿನದಲ್ಲಿ ಕೈ ಕಲಿತಿತು. ಎರಡು ಬೆರಳಲ್ಲಿ ಬಟನ್ ಎತ್ತಿದರೆ ಕಾರಿನ ಹೊಟ್ಟೆಯೊಳಗೆ ಗುಂಯ್ ಎನ್ನುತ್ತದೆ, ಮುಂದೆ ಕೆಂಪು ದೀಪ ಹತ್ತುತ್ತದೆ. ಕಾಲಿನ ಬ್ರೇಕನ್ನು ತುಳಿದುಕೊಂಡು ಬಟನ್ ಕೆಳಗೆ ಒತ್ತಿದರೆ ಮತ್ತೆ ಅದೇ ಗುಂಯ್, ದೀಪ ಆರುತ್ತದೆ. ಹಿಡಿಯುವಾಗಲೂ ಬಿಡುವಾಗಲೂ ಒಂದೇ ಸದ್ದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಾಮಾ ಮೊದಲ ದಿನ ಕಾರಿನೊಳಗೆ ಬಗ್ಗಿ ನೋಡಿದ.

"ಇದರ ಹಲ್ಲು ಎಲ್ಲೈತಿ ಬೇ?"

"ಹಲ್ಲು ಇಲ್ಲ ಮಾಮಾ. ಮೋಟರು ಐತಿ."

"ಹಲ್ಲಿಲ್ಲದ್ದು ಕಚ್ಚಿ ಹಿಡಿಯೂದು ಹೆಂಗ?"

ಹೆಂಗ ಎಂದು ನಾನು ಕಾಲು ತಾಸು ವಿವರಿಸಿದೆ. ಮೋಟರಿನ ಬಲ, ವೈರಿನ ಕೆಲಸ, ಕೈ ಸೋಲುತ್ತದೆ ಮೋಟರು ಸೋಲುವುದಿಲ್ಲ ಎಂಬ ವಾದ, ಎಲ್ಲ. ಕೊನೆಗೆ ಕಲ್ಲಿನ ಪ್ರಶ್ನೆ ಬಂತು. ಅವನು ಕಲ್ಲನ್ನು ಡಿಕ್ಕಿಯಲ್ಲಿ ಇಡಲು ಬಂದಿದ್ದ. "ಭರೋಸಾ ಇದ್ದರ ಕಲ್ಲು ಯಾಕ? ಕಲ್ಲು ಬೇಕಂದರ ಕಾರು ಯಾಕ?" ಎಂದೆ. ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುವ ಸಾಲು. ಮಾಮಾ ಕಲ್ಲನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋದ. ಈಗ ಯೋಚಿಸಿದರೆ, ಅಷ್ಟು ಮಾತಾಡಿದ ನಾನು ಅವನ ಬೆರಳನ್ನು ಹಿಡಿದು ಬಟನ್ನಿನ ಮೇಲೆ ಒಮ್ಮೆಯೂ ಇಟ್ಟಿರಲಿಲ್ಲ. ಎತ್ತುವುದು ಯಾವುದಕ್ಕೆ, ಒತ್ತುವುದು ಯಾವುದಕ್ಕೆ ಎಂದು ತೋರಿಸಿರಲಿಲ್ಲ.

ನಮ್ಮ ಸಿಂಧನೂರಿನ ಸುತ್ತ ಕಾಲುವೆ ನೀರಿನ ಗದ್ದೆ ಬಯಲು. ನೆಲ ಊಟದ ತಾಟಿನಷ್ಟು ಸಮ. ಬ್ರೇಕು ಹಾಕದಿದ್ದರೂ ಗಾಡಿ ನಿಂತಲ್ಲೇ ನಿಂತಿರುತ್ತದೆ. ಇಂಥ ನೆಲದಲ್ಲಿ ಕೂತು ಯಾರು ಬೇಕಾದರೂ ಬ್ರೇಕಿನ ಬಗ್ಗೆ ಭಾಷಣ ಮಾಡಬಹುದು. ಮಸ್ಕಿಗೆ ಹೋದರೆ ನೆಲ ಮಾತಿಗೆ ಬರುತ್ತದೆ. ಊರಿನ ಬೆನ್ನಿಗೇ ಗುಡ್ಡ.

ಆ ಭಾನುವಾರ ಲಿಂಗಸುಗೂರಿನಲ್ಲಿ ಒಂದು ಮದುವೆ ಮುಗಿಸಿ ನಾನು, ಮಾಮಾ ಇಬ್ಬರೇ ಬರುತ್ತಿದ್ದೆವು. ಮಸ್ಕಿಯಲ್ಲಿ ಗುಡ್ಡದ ಬುಡದ ಏರಿನಲ್ಲಿ ಒಬ್ಬಾಕೆ ಮಂಡಕ್ಕಿ ವಗ್ಗರಣಿ, ಮಿರ್ಚಿ ಮಾಡುತ್ತಾಳೆ. ಮದುವೆಯ ಊಟ ಹೊಟ್ಟೆಯಲ್ಲಿದ್ದರೂ ಆ ವಾಸನೆಗೆ ಕಾರು ತಾನೇ ತಿರುಗುತ್ತದೆ. ಬಂಡಿಯನ್ನು ದಾಟಿ ಸ್ವಲ್ಪ ಮೇಲೆ ನಿಲ್ಲಿಸಿದೆ. ಕಾಲು ಬ್ರೇಕಿನ ಮೇಲಿತ್ತು. ಬಟನ್ ಎತ್ತಿದೆ. ಗುಂಯ್. ಕೆಂಪು ದೀಪ.

"ನೋಡು ಮಾಮಾ, ದೀಪ ಹತ್ತೇತಿ. ಮುಗೀತು."

"ಮುಗೀತು ಅಂದರ ಹೆಂಗ? ಕೈಗೆ ಏನೂ ಹತ್ತಲೇ ಇಲ್ಲ."

"ಕೈಗೆ ಯಾಕ ಹತ್ತಬೇಕು? ಕರೆಂಟ್ ಕೈಗೆ ಹತ್ತತೇತೇನು? ಫ್ಯಾನ್ ತಿರಗಂಗಿಲ್ಲ?"

"ಗೇರಿನ್ಯಾಗರ ಬಿಡಬೇ ಯವ್ವಾ."

ಹಾಗೆಂದನಲ್ಲ ಎಂದೇ ನ್ಯೂಟ್ರಲ್ಲಿಗೆ ತಂದೆ. ಅವನ ಕಡೆ ಪೂರ್ತಿ ತಿರುಗಿ ಕೂತು, ನಂಬಿಕೆ ಮತ್ತು ಅಭ್ಯಾಸ ಬೇರೆ ಬೇರೆ ಎಂಬ ವಿಷಯ ಶುರು ಮಾಡಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಾ ಕೇಳುತ್ತಿದ್ದ. ನನ್ನ ಎರಡನೇ ಅಂಶದ ನಡುವೆ ಎಲ್ಲೋ ಅವನ ಕೈ ಮುಂದೆ ಬಂದದ್ದು ನೆನಪಿದೆ. ಎಲ್ಲೋ ಒಂದು ಗುಂಯ್ ಕೇಳಿದ್ದೂ ನೆನಪಿದೆ. ನಾನು ಮೂರನೇ ಅಂಶಕ್ಕೆ ಹೋದೆ. ಮಾತು ಮುಗಿಸಿ, ಎಂಜಿನ್ ಆರಿಸಿ, ಗೆದ್ದವಳ ಹಾಗೆ ಇಳಿದೆ. ಎಂಜಿನ್ ಆರಿಸಿದರೆ ತಾನೇ ಬ್ರೇಕು ಹಿಡಿಯುವ ಕಾರುಗಳೂ ಇವೆಯಂತೆ. ನಮ್ಮದು ಅಂಥದ್ದಲ್ಲ.

ಗಾಲಿ ಒಂದು ಸಣ್ಣ ತೆಗ್ಗಿನಲ್ಲಿ ಕೂತಿತ್ತು, ಅದಕ್ಕೇ ಕಾರು ಅಷ್ಟು ಹೊತ್ತು ನಿಂತಿತ್ತು. ಮಾಮಾ ಇಳಿದು, ಜೀಪಿನ ಬಾಗಿಲು ಹಾಕುವ ರೂಢಿಯಲ್ಲಿ, ಧಡ್ ಎಂದು ಬಾಗಿಲು ಹಾಕಿದ. ಕಾರು ಒಮ್ಮೆ ತೂಗಿತು. ತೆಗ್ಗಿನಿಂದ ಎದ್ದಿತು. ಹೊರಟಿತು.

"ಏ! ಏ! ನಿಲ್ಲಲೇ!" ಎಂದು ಮಾಮಾ ಬಾನೆಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅದರ ಜೊತೆ ಓಡಿದ. ಓಡುತ್ತಲೇ ಒಂದು ಕೈ ಬಿಟ್ಟು ನೆಲ ತಡಕಿದ. ಕಲ್ಲಿಗೆ. ಕಲ್ಲು ಸಿಂಧನೂರಿನಲ್ಲಿತ್ತು. ಬೆಂಚಿನ ಮೇಲಿದ್ದವರು ಪ್ಲೇಟು ಹಿಡಿದೇ ಹಾರಿದರು. ಡ್ರಮ್ಮು ಒಡೆದು ಅಷ್ಟೂ ನೀರು ರಸ್ತೆಗೆ ಬಂತು, ಕಾರು ಅಲ್ಲಿಗೆ ನಿಂತಿತು. ಹಿಂದಿನ ಬಂಪರ್ ಎರಡು ತುಂಡು. ಯಾರಿಗೂ ಪೆಟ್ಟಾಗಲಿಲ್ಲ. ಬಂಡಿಯಾಕೆ ಎಣ್ಣೆಯಿಂದ ಮಿರ್ಚಿ ತೆಗೆಯುವ ಝಾರಿಯನ್ನು ಎತ್ತಿ ಹಿಡಿದು ನಿಂತಿದ್ದಳು.

"ಯಣ್ಣಾ, ನಿನ್ನ ಗಾಡಿಗೆ ಅಷ್ಟು ನೀರಡಿಕಿ ಆಗಿತ್ತೇನು? ಬ್ರೇಕ್ ಹಾಕಿದ್ದಿಲ್ಲೇನು?"

"ಹಾಕಿದ್ದೆ!" ಎಂದೆ ನಾನು.

ಎಲ್ಲರೂ ಮಾಮಾನ ಮುಖ ನೋಡಿದರು. ಮೂವತ್ತು ವರ್ಷದ ಡ್ರೈವರ್ ಏನು ಹೇಳುತ್ತಾನೋ ಅದೇ ಖರೆ. ಮಾಮಾ ಬಾಯಲ್ಲಿ ಎಲೆ ತುಂಬಿಕೊಂಡು ಗಪ್ ನಿಂತಿದ್ದ. ಆ ಗಪ್ಪೇ ನಾನು ಹೇಳಿದ ಎಮ್ಮೆಯ ತನಕ ಬೆಳೆದದ್ದು.

ಅವ್ವ ಹೆಚ್ಚು ಮಾತಾಡಲಿಲ್ಲ. "ಚಾವಿ ಕೊಡು" ಎಂದಳು. ತೆಗೆದುಕೊಂಡು ಮಾಮಾನ ಕೈಗೆ ಇಟ್ಟಳು. "ಅಣ್ಣಾ, ನಿನ್ನ ಕಡೆ ಇರಲಿ. ನೀ ಹ್ಞೂಂ ಅನ್ನೂತನಕ ಈಕಿ ಬಸ್ಸಿನ್ಯಾಗ ಹೋಗಲಿ." ಮಾಮಾ ಅದನ್ನು ಒಯ್ದು ಪ್ರಮಾಣಪತ್ರ ತೂಗುಹಾಕಿದ ಮೊಳೆಗೇ ಸಿಕ್ಕಿಸಿದ. ನಾನು ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋದೆ. ಬಸ್ಸು ಹತ್ತುವುದು ನನಗೆ ಅವಮಾನವಲ್ಲ, ವರ್ಷಗಟ್ಟಲೆ ಹತ್ತಿದ್ದೇನೆ. ಮಾಡದ ತಪ್ಪಿಗೆ ಹತ್ತುವುದು ಅವಮಾನ. ನಾನು ಬಿದ್ದು ಕಲಿತು, ಸರ್ಕಲ್ಲಿನಲ್ಲಿ ನಗೆಪಾಟಲಾಗಿ ಕಲಿತು, ಸಂಪಾದಿಸಿದ ಡ್ರೈವರ್ ಸೀಟು ಅದು.

ಒಂದು ವಾರದ ಮೇಲೆ ಕಾರಿನಲ್ಲಿ ಉಳಿದಿದ್ದ ಉತ್ತರ ಪತ್ರಿಕೆ ತರಲು ಚಾವಿ ಕೇಳಿ ಇಸಿದುಕೊಂಡೆ. ಆಗ ಕಂಡದ್ದು ಪಿ ಅಕ್ಷರದ ಹೊಟ್ಟೆಯ ಸುಣ್ಣ. ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ಓದಿದೆ. ಎಂಜಿನ್ ಶುರು ಮಾಡಿ, ಕಾಲು ಬ್ರೇಕಿನ ಮೇಲಿಟ್ಟು, ಬಟನ್ ಎತ್ತಿದೆ. ಆಮೇಲೆ ಬಾಜೂಕಿನ ಸೀಟಿನ ಕಡೆಯಿಂದ ಕೈ ತಂದು, ಮಾಮಾ ತನ್ನ ಎಲೆ-ಅಡಿಕೆ ಪೆಟ್ಟಿಗೆಯ ಮುಚ್ಚಳ ಗಟ್ಟಿ ಮಾಡುವಾಗ ಒತ್ತುವ ಹಾಗೆ, ಹೆಬ್ಬೆರಳಿನಿಂದ ಒತ್ತಿದೆ. ಗುಂಯ್. ದೀಪ ಆರಿತು. ಪಾಪ, ಬ್ರೇಕನ್ನು ಇನ್ನಷ್ಟು ಬಿಗಿ ಮಾಡಿದೆನೆಂದೇ ಅವನು ತಿಳಿದಿರಬೇಕು.

ಅವ್ವನ ಮುಂದೆ ಇಟ್ಟರೆ ಐದು ನಿಮಿಷದಲ್ಲಿ ಗೆಲ್ಲುವ ವಾದ. ಮೊದಲು ಆರೋಪಿಗೇ ಹೇಳೋಣ ಎಂದು ನೆಟ್ಟಗೆ ಮಾಮಾನ ಮನೆಗೆ ಹೋದೆ. ಅಲ್ಲಿ ಗುರುಗುಂಟಾದಿಂದ ಬಂದ ಯಾರೋ ಹೊಸಬರು ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಕಾಯ್ದೆ. ಚಹಾ ಬಂತು. ಬಂದವರು ಕುಡಿದರು, ಮಳೆ ಬೆಳೆ ಮಾತಾಡಿದರು, ಎದ್ದು ಹೋದರು. ಪ್ರಮಾಣಪತ್ರದ ಮಾತೇ ಬರಲಿಲ್ಲ. ಮಾಮಾ ಆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ.

ಹೇಳದೆ ಚಾವಿ ಕೊಟ್ಟು ಬಂದೆ. ಕನಿಕರ ಎಂದು ತಿಳಿಯಬೇಡಿ, ನನಗೆ ಅಷ್ಟು ಒಳ್ಳೆಯ ಹೆಸರು ಬೇಡ. ದೀಪ ಆರಿದ್ದನ್ನು ನೋಡದಿದ್ದ ತಪ್ಪು ನನ್ನದು; ಅದಷ್ಟನ್ನೇ ಒಪ್ಪುತ್ತೇನೆ, ಅದರ ಮೇಲೆ ಒಂದು ಕೂದಲೂ ಇಲ್ಲ. ಉಳಿದದ್ದನ್ನು ನನ್ನ ಬಾಯಿ ಹೇಳಿದರೆ ಅದು ನನ್ನ ವಾದ. ಅವನ ಬಾಯಿ ಹೇಳಬೇಕು. ಹಾಗಾಗಿ ಅವ್ವನಿಗೆ, "ಪರೀಕ್ಷಾ ಇಡಸು. ಅದೇ ಮಸ್ಕಿ, ಅದೇ ಏರು" ಎಂದೆ. ನಾಲ್ಕು ವಾರ ಸತಾಯಿಸಿ ಅವ್ವ ಒಪ್ಪಿದಳು. ಪರೀಕ್ಷಕ ಯಾರು? ಮಾಮಾ. ಬಟನ್ ಒತ್ತಿದವನೇ ತೀರ್ಪು ಕೊಡುವವನು. ಇಂಥ ಪಂದ್ಯವನ್ನು ನಾನು ಎಲ್ಲೂ ಆಡಿರಲಿಲ್ಲ.

ಇವತ್ತು ಮಧ್ಯಾಹ್ನ ನಾನು, ಮಾಮಾ ಇಬ್ಬರೇ ಹೋದೆವು. ಕೆಂಪು ಕಲ್ಲು ಮಾಮಾನ ತೊಡೆಯ ಮೇಲೆ ಕೂಸಿನ ಹಾಗೆ ಕೂತಿತ್ತು. ನಾನು ಬೇಡ ಎನ್ನಲಿಲ್ಲ, ಅವನೂ ಅದರ ಮಾತೆತ್ತಲಿಲ್ಲ. ನಮ್ಮ ಕಾರನ್ನು ನೋಡುತ್ತಲೇ ಬಂಡಿಯಾಕೆ, "ಬಂದರವ್ವ ಬಂದರು! ಡ್ರಮ್ ಸರಸ್ರಿ!" ಎಂದು ಕೂಗಿದಳು. ಹೊಸ ಡ್ರಮ್ಮನ್ನು ನಿಜವಾಗಿಯೂ ಬೇವಿನ ಮರದ ಆಚೆಗೆ ಉರುಳಿಸಿದರು.

ಅದೇ ಏರಿನಲ್ಲಿ ನಿಲ್ಲಿಸಿದೆ. ಈ ಸಲ ಭಾಷಣ ಮಾಡಲಿಲ್ಲ. "ಮಾಮಾ, ಕೈ ತಾ. ನೀನೇ ಹಾಕು, ತೋರಸ್ತೀನಿ" ಎಂದೆ. ಅವನು ಕೈ ಮುಂದೆ ತಂದ. ಬೆರಳಿನ ತುದಿಯಲ್ಲಿ ಸುಣ್ಣವಿತ್ತು. ಬಟನ್ನಿನ ತನಕ ಬಂದ ಬೆರಳು ನಿಂತಿತು. ಆ ಬಿಳಿ ಕಲೆಯನ್ನು ನೋಡಿದ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬೆರಳನ್ನು ಧೋತರಕ್ಕೆ ಒರೆಸಿದ, ಒಮ್ಮೆ ಅಲ್ಲ, ನಾಲ್ಕೈದು ಸಲ. ಆಮೇಲೆ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ನೀನೇ ಹಾಕವ್ವ."

ಎತ್ತಿದೆ. ಗುಂಯ್. ಇಬ್ಬರೂ ದೀಪವನ್ನು ನೋಡಿದೆವು, ನಾನು ಬ್ರೇಕಿನಿಂದ ಕಾಲು ತೆಗೆದ ಮೇಲೂ ನೋಡುತ್ತಿದ್ದೆವು. ಕಾರು ಗುಡ್ಡದ ಬಂಡೆಯ ಹಾಗೆ ನಿಂತಿತ್ತು. ಎಂಜಿನ್ ಆರಿಸಿ ಗೇರಿನಲ್ಲಿ ಬಿಟ್ಟೆ. ಅದನ್ನು ಸೋಲು ಎನ್ನಬೇಡಿ, ಕಾರಿನ ಪುಸ್ತಕದಲ್ಲೂ ಹಾಗೇ ಬರೆದಿದೆ.

ಮಾಮಾ ಫೋನು ತೆಗೆದು ಅವ್ವನಿಗೆ ಹಚ್ಚಿದ. "ತಂಗೀ, ಹುಡಿಗಿ ಚೊಲೋ ಓಡಸ್ತಾಳ. ಇನ್ನ ಮ್ಯಾಲೆ ಚಾವಿ ಆಕಿ ಕಡೆನೇ ಇರಲಿ." ಆ ಕಡೆಯಿಂದ ಅವ್ವ ಏನೋ ಕೇಳಿದಳು. "ಹ್ಞಾಂ... ಅವತ್ತಿಂದು..." ಎಂದ. ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. "ಮನಿಗೆ ಬಂದು ಮಾತಾಡ್ತೀನಿ" ಎಂದು ಫೋನಿಟ್ಟ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬೇಡ ಎಂದು ನನಗೆ ಚರ್ಚೆ ಕಲಿಸಿದವರು ಹೇಳುತ್ತಿದ್ದರು. ಚಾವಿ ನನ್ನ ಕೈಯಲ್ಲಿತ್ತು, ಗೆದ್ದಾಗಿತ್ತು, ಸುಮ್ಮನೆ ಇಳಿದು ಮಿರ್ಚಿ ತಿನ್ನಬಹುದಿತ್ತು. ಬಾಗಿಲ ಹಿಡಿಗೆ ಹಾಕಿದ ಕೈಯನ್ನು ಹಿಂದಕ್ಕೆ ತೆಗೆದು, ಅವನ ಕಡೆ ತಿರುಗಿ ಕೇಳಿದೆ:

"ಮಾಮಾ, ಅವತ್ತು ಬಟನ್ ಒತ್ತಿದ್ದು ನೀನೇ ಅಂತ ನಿನಗ ಯಾವಾಗ ಗೊತ್ತಾತು?"