ಮೈನಾ ಕೂಗಿದ ಮಧ್ಯಾಹ್ನ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ದಾಂಡೇಲಿಯಲ್ಲಿದ್ದೆವು. ಬಿದಿರಿನ ಡಿಪೋದಲ್ಲಿ ಲಾರಿ ತುಂಬಿಸುವ ಕೆಲಸ ಸಿಕ್ಕಿತೆಂದು ಅಪ್ಪ ಹಳಿಯಾಳದ ಕಡೆಯ ಹಳ್ಳಿಯಿಂದ ನಮ್ಮನ್ನು ಕರೆತಂದಿದ್ದ. ಹೆಂಚಿನ ಚಾಳಿನಲ್ಲಿ ನಮ್ಮದು ಕೊನೆಯ ಮನೆ. ಪಕ್ಕದ ಮನೆಯಲ್ಲಿ ಜೊಯಿಡಾ ಕಡೆಯ, ಕೊಂಕಣಿ ಮಾತಾಡುವ ಒಬ್ಬ ಮುದುಕಿ ಇದ್ದರು. ಇಡೀ ಚಾಳಿಗೆ ಅವರು ಆಯಿ. ಅವರ ಕಟ್ಟೆಯ ಮೇಲೆ ತೂಗುಹಾಕಿದ ಬಿದಿರಿನ ಪಂಜರದಲ್ಲಿ ಒಂದು ಕಾಡು ಮೈನಾ ಇತ್ತು. ಕರಿಯ ಮೈ, ಕಣ್ಣ ಹಿಂದೆ ಹಳದಿ ತೊಗಲು. ಕಾಗದದ ಮಿಲ್ಲಿನಲ್ಲಿ ಪಾಳಿಗೆ ಕೂಗುವ ಭೋಂಗಾ, ಆಯಿ ಕೋಳಿಗಳನ್ನು ಕರೆಯುವ ದನಿ, ಅವರ ಬೈಗುಳ ಎಲ್ಲವೂ ಅದಕ್ಕೆ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಪ್ಪ ಜ್ವರ ಬಂದು ತೀರಿಕೊಂಡ. ಅವ್ವ ಆಗ ಬಸುರಿ. ಅವಳು ಅಳಲಿಲ್ಲ. ಮಾತಾಡಿಸಲು ಬಂದವರಿಗೆ ಚಹಾ ಕೊಟ್ಟಳು, ಅಪ್ಪನ ಅಂಗಿಗಳನ್ನು ಒಗೆದು ಮಡಚಿಟ್ಟಳು. ಮಳೆಗಾಲದಲ್ಲಿ ತಂಗಿ ಹುಟ್ಟಿದಳು.

ಮಳೆ ಹಿಂದೆಗೆದು ಬಿಸಿಲು ಬಿದ್ದ ಒಂದು ಮಧ್ಯಾಹ್ನ ಅವ್ವ ಮೊರದಲ್ಲಿ ಜೋಳ ಕೇರುತ್ತಿದ್ದಳು. ಹೊರಗೆ ಯಾರೋ ಗಂಟಲು ಸರಿಮಾಡಿಕೊಳ್ಳುವಂತೆ ಕೆಮ್ಮಿದರು. ಆಮೇಲೆ ಮಾತು ಕೇಳಿಸಿತು.

"ಒಳಗ ಅದೀ ಏನ? ಬಾಗಲಾ ತಗಿ."

ಅಪ್ಪನದೇ ದನಿ. ಕೆಲಸ ಮುಗಿಸಿ ಬಂದಾಗ ಅವನು ಕರೆಯುತ್ತಿದ್ದುದು ಹಾಗೆಯೇ, ಕೊನೆಯ ಮಾತು ದಣಿವಿಗೆ ಇಳಿದುಹೋಗುತ್ತಿತ್ತು.

"ಬಂದ್ನಿರೀ," ಎಂದು ಅವ್ವ ಓಡಿಹೋಗಿ ಬಾಗಿಲು ತೆರೆದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಪಂಜರದೊಳಗೆ ಮೈನಾ ಕತ್ತು ಓರೆ ಮಾಡಿ ಮತ್ತೆ ಕೆಮ್ಮಿತು. ಅವ್ವ ಹೊಸ್ತಿಲ ಮೇಲೆ ಕುಸಿದು ಕೂತು, ಅಷ್ಟು ತಿಂಗಳ ಅಳುವನ್ನೆಲ್ಲ ಒಮ್ಮೆಲೇ ಅತ್ತಳು.

ಆಯಿ ಗಾಬರಿಯಾಗಿ ಬಂದು ಪಂಜರಕ್ಕೆ ಹಳೆಯ ಸೀರೆ ಮುಚ್ಚಿದರು. "ಇದನ್ನ ಇವತ್ತ ಕಾಡಿಗೆ ಬಿಟ್ಟ ಬರ್ತೇನಿ ಮಗಳ."

"ಬ್ಯಾಡ್ರಿ ಆಯೀ," ಎಂದಳು ಅವ್ವ. "ಸೀರಿ ತಗೀರಿ. ಇನ್ನೊಮ್ಮಿ ಅನ್ಲಿ."

ಒಳಗೆ ಹೋಗಿ ತೊಟ್ಟಿಲಿನಿಂದ ತಂಗಿಯನ್ನು ಎತ್ತಿಕೊಂಡು ಬಂದು ಪಂಜರದ ಕೆಳಗೆ ನಿಂತಳು. ನಾವು ಕಾದೆವು. ಮೈನಾ ಮೊದಲು ಭೋಂಗಾ ಕೂಗಿತು. ಆಯಿಯಂತೆ ಕೋಳಿಗಳನ್ನು ಕರೆಯಿತು. ಆಮೇಲೆ ಅಪ್ಪ ಮಾತಾಡಿದ.

"ಕೇಳಿದಿ ಏನವಾ?" ಅವ್ವ ಕೂಸಿನ ಕಿವಿಗೆ ಬಾಗಿದಳು. "ನಿಮ್ಮಪ್ಪ."

ಕೂಸು ಕಣ್ಣರಳಿಸಿ ದನಿ ಬಂದ ಕಡೆಗೇ ನೋಡಿತು.

ಹಕ್ಕಿ ಮುಂದೆ ಕೆಲವು ವರ್ಷ ಬದುಕಿತ್ತು. ಅದು ಕರೆದಾಗಲೆಲ್ಲ ಅವ್ವ ಕೈಗೆಲಸ ನಿಲ್ಲಿಸದೆ ಓಗೊಡುತ್ತಿದ್ದಳು. ಈಗ ನನ್ನ ಕಿವಿಯಲ್ಲಿ ಉಳಿದಿರುವುದು ಅಪ್ಪನ ದನಿಯೋ ಹಕ್ಕಿಯದೋ, ನಾನು ಹೇಳಲಾರೆ. ತಂಗಿಗೆ ಆ ಸಂಶಯವೇ ಇರಲಿಲ್ಲ. ಮಾತು ಕಲಿಯುವಾಗ ಅವಳು ಪಂಜರದತ್ತ ಬೆರಳು ಮಾಡಿ "ಅಪ್ಪ" ಎಂದಳು. ಅವ್ವ ತಿದ್ದಲಿಲ್ಲ.